ತಮಿಳು ಹಳೆಯದೋ, ಸಂಸ್ಕೃತ ಹಳೆಯದೋ: ಯಾವ ಪುರಾವೆಗೆ ಎಷ್ಟು ತೂಕ?

ಭಿತ್ತಿಪತ್ರಿಕೆ (ಪ್ರಶ್ನೆ)

ಪದವಿ ಕಾಲೇಜಿನ ಭಿತ್ತಿಪತ್ರಿಕೆಗೆ ಭಾಷೆಗಳ ಪ್ರಾಚೀನತೆಯ ಬಗ್ಗೆ ಒಂದು ಪುಟ ಸಿದ್ಧವಾಗಬೇಕಿದೆ. ವಾಟ್ಸ್ಆಪ್‌ನಲ್ಲಿ ಓಡಾಡುವ ಎರಡು ಪಟ್ಟಿಗಳು ಎದುರಿಗಿವೆ. ಒಂದರಲ್ಲಿ ತಮಿಳಿಗೆ ಕ್ರಿ.ಪೂ. 5000, ಸಂಸ್ಕೃತಕ್ಕೆ ಕ್ರಿ.ಶ. 150 ಎಂದಿದೆ. ಇನ್ನೊಂದರಲ್ಲಿ ಸಂಸ್ಕೃತಕ್ಕೆ ಕ್ರಿ.ಪೂ. 5000, ತಮಿಳಿಗೆ ಕ್ರಿ.ಪೂ. 300. ಕನ್ನಡಕ್ಕೆ ಮಾತ್ರ ಎರಡರಲ್ಲೂ ಕ್ರಿ.ಶ. 450. ಯಾವ ಅಂಕಿ ಎಲ್ಲಿಂದ ಬಂತು, ಯಾವುದನ್ನು ಯಾವುದರ ಪಕ್ಕ ಇಟ್ಟು ಹೋಲಿಸಬಹುದು ಎಂಬುದು ತಿಳಿಯುತ್ತಿಲ್ಲ.

ಕೇಳಬೇಕಾದ್ದು ಇಷ್ಟು. ಶಾಸನಗಳ ಲೆಕ್ಕ ಹಿಡಿದರೆ ನಿಜವಾಗಿ ಯಾವುದು ಮೊದಲು? ಬರವಣಿಗೆಯೇ ಇಲ್ಲದ ಕಾಲದ ಋಗ್ವೇದಕ್ಕೆ ಇಸವಿ ಕಟ್ಟುವುದು ಹೇಗೆ? ಮಧುರೈ ಬಳಿಯ ಕೀಳಡಿಯ ಅಗೆತದಿಂದ ತಮಿಳಿನ ವಯಸ್ಸು ಹಿಂದಕ್ಕೆ ಹೋಯಿತೇ? ಗೊತ್ತಿರುವವರು ದಯವಿಟ್ಟು ವಿವರವಾಗಿ ತಿಳಿಸಿ. ಗೋಡೆಗೆ ಅಂಟಿಸಿದ ಮೇಲೆ ತಪ್ಪು ಎಂದು ಯಾರೂ ಬೊಟ್ಟು ಮಾಡಬಾರದು.

ಶಾಸನಪ್ರಿಯ

ಕಲ್ಲಿನಿಂದಲೇ ಶುರು ಮಾಡೋಣ. ಅಲ್ಲಿ ಗೊಂದಲ ಕಡಿಮೆ.

ನಮ್ಮ ಉಪಖಂಡದಲ್ಲಿ ಓದಲು ಬರುವ, ಕಾಲವೂ ಖಚಿತವಾಗಿರುವ ಮೊದಲ ದೊಡ್ಡ ಶಾಸನ ಸಮೂಹ ಅಶೋಕನದು, ಕ್ರಿ.ಪೂ. 3ನೇ ಶತಮಾನದ ನಡುಭಾಗ. ಅದರ ಭಾಷೆ ಸಂಸ್ಕೃತವೂ ಅಲ್ಲ, ತಮಿಳೂ ಅಲ್ಲ, ಪ್ರಾಕೃತ. ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳಲ್ಲಿ ಇರುವುದೂ ಪ್ರಾಕೃತವೇ. ಎರಡನೇ ಬಂಡೆ ಶಾಸನದಲ್ಲಿ ಚೋಳ, ಪಾಂಡ್ಯ, ಸತಿಯಪುತ, ಕೇರಳಪುತ ಎಂಬ ತೆಂಕಣ ರಾಜ್ಯಗಳ ಹೆಸರು ಬರುತ್ತದೆ. ಅಂದರೆ ತಮಿಳು ಅರಸು ಮನೆತನಗಳು ಆಗಲೇ ಇದ್ದವು. ಅವರ ಭಾಷೆಯ ಬರಹ ಮಾತ್ರ ಆ ಶಾಸನದಲ್ಲಿಲ್ಲ.

ತಮಿಳಿನ ಕಲ್ಬರಹ ಅದರ ಬೆನ್ನಿಗೇ ಸಿಗುತ್ತದೆ. ಮಧುರೈ ಹತ್ತಿರದ ಮಾಂಗುಳಂ ಗುಹೆಗಳಲ್ಲಿ ಜೈನ ಮುನಿಗಳಿಗೆ ಕೊರೆಸಿಕೊಟ್ಟ ನೆಲೆಗಳಿವೆ, ಅವುಗಳ ಮೇಲೆ ತಮಿಳು ಬ್ರಾಹ್ಮಿ ಲಿಪಿಯ ಸಾಲುಗಳು. ಐರಾವತಂ ಮಹಾದೇವನ್ 2003ರ ತಮ್ಮ ದೊಡ್ಡ ಸಂಪುಟದಲ್ಲಿ ಇವನ್ನು ಕ್ರಿ.ಪೂ. 2ನೇ ಶತಮಾನಕ್ಕೆ ಹಾಕುತ್ತಾರೆ. ಇಂಥ ಗುಹಾಶಾಸನಗಳ ಭಾಷೆ ಪ್ರಾಕೃತವಲ್ಲ, ತಮಿಳು ಎಂದು 1924ರಲ್ಲಿ ತೋರಿಸಿಕೊಟ್ಟವರು ಕೆ.ವಿ. ಸುಬ್ರಹ್ಮಣ್ಯ ಅಯ್ಯರ್. ಮಾಂಗುಳಂ ಸಾಲನ್ನು ಹತ್ತಿರದಿಂದ ನೋಡಿ: ನೆಡುಂಜೆಳಿಯನ್ ಎಂಬ ಪಾಂಡ್ಯ ಹೆಸರಿದೆ, ಅದರಲ್ಲಿ ಪ್ರಾಕೃತದಲ್ಲಿಲ್ಲದ ೞಕಾರವಿದೆ, ಹಾಗೆಯೇ ‘ಧಮ್ಮಂ’ ಎಂಬ ಪ್ರಾಕೃತ ಪದವೂ ಇದೆ. ‘ಧ’ ಎಂಬ ಮಹಾಪ್ರಾಣ ತಮಿಳಿನ ಸ್ವಂತ ಅಕ್ಷರವಲ್ಲ, ಆ ಪದಕ್ಕಾಗಿಯೇ ಬಳಸಿಕೊಂಡದ್ದು. ಸಿಗುವ ಅತಿ ಹಳೆಯ ತಮಿಳು ಬರಹದಲ್ಲೇ ಉತ್ತರದ ಪದವೊಂದು ಕೂತಿದೆ. ‘ಶುದ್ಧ’ದ ವಾದ ಮಾಡುವವರು ಇದನ್ನು ಮರೆಯಬಾರದು.

ಇನ್ನು ಸಂಸ್ಕೃತ. ಅಯೋಧ್ಯೆಯ ಧನದೇವನ ಶಾಸನ, ರಾಜಸ್ಥಾನದ ಹಾಥಿಬಾಡಾ ಘೋಸುಂಡಿ ಶಾಸನ, ಇವು ಸಾಮಾನ್ಯವಾಗಿ ಕ್ರಿ.ಪೂ. 1ನೇ ಶತಮಾನದವು ಎನ್ನಲಾಗುತ್ತದೆ. ಎರಡೂ ಪುಟ್ಟವು. ಕಾವ್ಯಶೈಲಿಯ ಉದ್ದನೆಯ ಸಂಸ್ಕೃತ ಶಾಸನ ಮೊದಲು ಸಿಗುವುದು ಗುಜರಾತಿನ ಜುನಾಗಢದಲ್ಲಿ, ಮಹಾಕ್ಷತ್ರಪ ರುದ್ರದಾಮನದು. ಸುದರ್ಶನ ಎಂಬ ಕೆರೆಯ ಏರಿ ಒಡೆದದ್ದು, ಅದನ್ನು ಮತ್ತೆ ಕಟ್ಟಿಸಿದ್ದು ಅದರ ವಿಷಯ. ಕಾಲ ಸುಮಾರು ಕ್ರಿ.ಶ. 150. ನಿಮ್ಮ ಮೊದಲ ಪಟ್ಟಿಯ ‘150’ ಬಂದಿರುವುದು ಇಲ್ಲಿಂದ.

ಹಾಗಾಗಿ ಶಾಸನದ ಲೆಕ್ಕ ಒಂದನ್ನೇ ಹಿಡಿದರೆ ಪ್ರಾಕೃತ ಮೊದಲು, ತಮಿಳು ಆಮೇಲೆ, ಸಂಸ್ಕೃತ ಮೂರನೆಯದು. ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಆದರೆ ಈ ಲೆಕ್ಕ ಅಳೆಯುವುದು ‘ಯಾವ ಭಾಷೆಯಲ್ಲಿ ಕಲ್ಲು ಕೊರೆಸಿದರು’ ಎಂಬುದನ್ನು ಮಾತ್ರ. ಅದೇ ಜುನಾಗಢದ ಬಂಡೆಯ ಮೇಲೆ ನಾನೂರು ವರ್ಷ ಮೊದಲು ಅಶೋಕ ಪ್ರಾಕೃತ ಬರೆಸಿದ್ದ. ಹಾಗೆಂದು ಪಾಣಿನಿಯ ಭಾಷೆ ಆಗ ಇರಲಿಲ್ಲ ಎಂದರೆ ಆಗುತ್ತದೆಯೇ? ಪಾಣಿನಿ ಅಶೋಕನಿಗಿಂತ ಮುಂಚಿನವನು. ಸಂಸ್ಕೃತ ಆ ಕಾಲದಲ್ಲಿ ಯಜ್ಞಶಾಲೆ, ಪಾಠಶಾಲೆಗಳ ಬಾಯಿಪಾಠದ ಭಾಷೆ. ಅರಮನೆಯ ಬರಹಕ್ಕೆ ಅದು ಬಂದದ್ದು ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ.

ಕರ್ನಾಟಕದಲ್ಲೂ ಇದೇ ಕ್ರಮ. ಅಶೋಕನ ಪ್ರಾಕೃತ, ಆಮೇಲೆ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಪ್ರಾಕೃತ, ತಾಳಗುಂದದ ಕಂಬದಲ್ಲಿ ಸಂಸ್ಕೃತ, ಹಲ್ಮಿಡಿಯಲ್ಲಿ ಕನ್ನಡ. ಹಲ್ಮಿಡಿಯ ಹಿಂದಿನ ದಿನದವರೆಗೂ ಕನ್ನಡ ಇರಲಿಲ್ಲ ಎಂದು ಯಾರೂ ಹೇಳುವುದಿಲ್ಲ. ಆ ರಿಯಾಯಿತಿ ಕನ್ನಡಕ್ಕೆ ಕೊಟ್ಟ ಮೇಲೆ ಸಂಸ್ಕೃತಕ್ಕೂ ತಮಿಳಿಗೂ ಕೊಡಬೇಕು.

ಧ್ವನಿವಿಚಾರ

ಶಾಸನಪ್ರಿಯ ಅವರ ಕೊನೆಯ ಮಾತೇ ಇಡೀ ಚರ್ಚೆಯ ಕೀಲಿ. ವಾಟ್ಸ್ಆಪ್ ಪಟ್ಟಿಗಳ ಮೋಸ ಇರುವುದೇ ಅಲ್ಲಿ: ತಮ್ಮ ಭಾಷೆಗೆ ಬಾಯಿಮಾತಿನ ವಯಸ್ಸು, ಎದುರಿನ ಭಾಷೆಗೆ ಕಲ್ಬರಹದ ವಯಸ್ಸು. ಅಳತೆಗೋಲು ಎರಡು ಕಡೆಗೂ ಒಂದೇ ಇರಬೇಕು.

ಋಗ್ವೇದದ ಕಾಲದ ಪ್ರಶ್ನೆಗೆ ಬರುತ್ತೇನೆ. ಪುಣೆಯ ಭಂಡಾರ್ಕರ್ ಸಂಸ್ಥೆಯಲ್ಲಿರುವ ಋಗ್ವೇದ ಹಸ್ತಪ್ರತಿಗಳಲ್ಲಿ ಹಳೆಯದು ಕ್ರಿ.ಶ. 1464ರದು. ಪ್ರತಿಯ ವಯಸ್ಸನ್ನು ಹಿಡಿದರೆ ಋಗ್ವೇದ ಪಂಪನಿಗಿಂತ ಐನೂರು ವರ್ಷ ಕಿರಿಯದಾಗುತ್ತದೆ. ಆದ್ದರಿಂದ ಇಲ್ಲಿ ಬೇರೆ ದಾರಿ ಹಿಡಿಯಬೇಕು. ಒಳಗಿನ ಮತ್ತು ಹೊರಗಿನ ಸುಳಿವುಗಳಿಂದ ಮೇಲಿನ ಮಿತಿ, ಕೆಳಗಿನ ಮಿತಿ ಎರಡನ್ನೂ ಕಟ್ಟಬೇಕು.

ಹೊರಗಿನ ಸುಳಿವು ಸಿಕ್ಕಿದ್ದು ಇಂದಿನ ಟರ್ಕಿಯಲ್ಲಿ, ಹಿಟ್ಟೈಟರ ರಾಜಧಾನಿ ಹತ್ತುಶದ ಮಣ್ಣಿನ ಹಲಗೆಗಳಲ್ಲಿ. ಕ್ರಿ.ಪೂ. 14ನೇ ಶತಮಾನದ ಒಂದು ಒಪ್ಪಂದದಲ್ಲಿ ಸಿರಿಯಾ ಕಡೆಯ ಮಿತನ್ನಿ ರಾಜ್ಯದ ಅರಸ ಮಿತ್ರ, ವರುಣ, ಇಂದ್ರ, ನಾಸತ್ಯರನ್ನು ಸಾಕ್ಷಿಗೆ ಕರೆಯುತ್ತಾನೆ. ಇನ್ನೂ ರುಚಿಕರವಾದದ್ದು ಕಿಕ್ಕುಲಿ ಎಂಬ ಮಿತನ್ನಿಯವನ ಕುದುರೆ ಪಳಗಿಸುವ ಕೈಪಿಡಿ. ಕುದುರೆಯನ್ನು ಎಷ್ಟು ಸುತ್ತು ಓಡಿಸಬೇಕು ಎಂಬುದಕ್ಕೆ ಅವನು ಬಳಸುವ ಪದಗಳು: ಐಕವರ್ತನ್ನ, ತೇರವರ್ತನ್ನ, ಪಂಜವರ್ತನ್ನ, ಸತ್ತವರ್ತನ್ನ, ನಾವರ್ತನ್ನ. ಏಕ, ತ್ರಿ, ಪಂಚ, ಸಪ್ತ, ನವ ಎಂದು ಬೇರೆ ಹೇಳಬೇಕಾಗಿಲ್ಲ. ‘ಐಕ’ ಎಂಬುದನ್ನು ಗಮನಿಸಿ. ಹಳೆಯ ಇರಾನಿ ಭಾಷೆಯಲ್ಲಿ ಒಂದಕ್ಕೆ ‘ಐವ’. ಕಕಾರ ಇರುವುದರಿಂದ ಇದು ಭಾರತೀಯ ಕವಲಿನದು. ಋಗ್ವೇದದಲ್ಲಿ ಅದು ಆಗಲೇ ‘ಏಕ’ ಆಗಿದೆ, ಇಲ್ಲಿ ಇನ್ನೂ ‘ಐ’ ಸವೆದು ‘ಏ’ ಆಗಿಲ್ಲ. ಋಗ್ವೇದದ ಭಾಷೆ ಇದಕ್ಕಿಂತ ಬಹಳ ಹಿಂದಿನದು ಎನ್ನುವುದಕ್ಕೆ ಈ ಒಂದು ಸ್ವರ ಅಡ್ಡ ಬರುತ್ತದೆ.

ಒಳಗಿನ ಸುಳಿವು ಲೋಹ ಮತ್ತು ರಥ. ಋಗ್ವೇದದಲ್ಲಿ ಅರಗಳಿರುವ ಚಕ್ರದ ರಥ ಮಾಮೂಲು. ಅಂಥ ಹಗುರ ರಥಗಳು ಜಗತ್ತಿನಲ್ಲಿ ಎಲ್ಲಿಯೂ ಕ್ರಿ.ಪೂ. 2000ಕ್ಕಿಂತ ಅಷ್ಟೇನೂ ಹಿಂದೆ ಕಾಣುವುದಿಲ್ಲ. ‘ಅಯಸ್’ ಇದೆ, ಆದರೆ ಅದು ತಾಮ್ರ ಅಥವಾ ಕಂಚು. ಕಬ್ಬಿಣವನ್ನು ಸೂಚಿಸುವ ‘ಶ್ಯಾಮ ಅಯಸ್’ ಬರುವುದು ಅಥರ್ವವೇದದಲ್ಲಿ. ಇವನ್ನೆಲ್ಲ ಕೂಡಿಸಿಯೇ ಹೆಚ್ಚಿನ ಭಾಷಾವಿಜ್ಞಾನಿಗಳು ಋಗ್ವೇದದ ರಚನೆಯನ್ನು ಸರಿಸುಮಾರು ಕ್ರಿ.ಪೂ. 1500ರಿಂದ 1000ದ ನಡುವೆ ಇಡುವುದು. ನೂರಿನ್ನೂರು ವರ್ಷ ಆಚೀಚೆ ಹೋಗಬಹುದು, ಸಾವಿರಗಟ್ಟಲೆ ಹೋಗುವುದಿಲ್ಲ.

ಕ್ರಿ.ಪೂ. 4000, 5000 ಎಂಬ ಅಂಕಿಗಳು ನಕ್ಷತ್ರಗಳ ಲೆಕ್ಕದಿಂದ ಬಂದವು. ತಿಲಕರು 1893ರಲ್ಲಿ ವಿಷುವತ್ತು (ಹಗಲು ರಾತ್ರಿ ಸಮವಾಗುವಾಗ ಸೂರ್ಯನಿರುವ ಬಿಂದು) ಮೃಗಶಿರದಲ್ಲಿದ್ದ ಕಾಲ ಎಂದು ಹಿಡಿದು ಲೆಕ್ಕ ಹಾಕಿದರು. ಲೆಕ್ಕದ ತತ್ವ ಸರಿಯೇ: ವಿಷುವತ್ತು ಸುಮಾರು 72 ವರ್ಷಕ್ಕೆ 1 ಡಿಗ್ರಿ ಜಾರುತ್ತದೆ, ಒಂದು ನಕ್ಷತ್ರದ ಪಾಲು 13 ಡಿಗ್ರಿ 20 ಕಲೆ, ಅಂದರೆ ಒಂದು ನಕ್ಷತ್ರ ದಾಟಲು ಸುಮಾರು 960 ವರ್ಷ. ಎಡವಟ್ಟಾಗುವುದು ಲೆಕ್ಕಕ್ಕೆ ಕೊಡುವ ಮಾಹಿತಿಯಲ್ಲಿ. ಒಂದು ಮಂತ್ರದ ರೂಪಕವನ್ನು ಖಗೋಳ ವೀಕ್ಷಣೆಯ ವರದಿ ಎಂದು ಓದಬೇಕಾಗುತ್ತದೆ. ಓದಿದ್ದು ಒಂದು ನಕ್ಷತ್ರದಷ್ಟು ತಪ್ಪಿದರೆ ಉತ್ತರ ಸಾವಿರ ವರ್ಷ ತಪ್ಪುತ್ತದೆ. ಅದಕ್ಕೇ ಇದನ್ನು ಗಟ್ಟಿ ಪುರಾವೆಯ ಸಾಲಿನಲ್ಲಿ ಇಡುವುದಿಲ್ಲ.

ಇಷ್ಟು ಶತಮಾನ ಬಾಯಲ್ಲೇ ಇದ್ದದ್ದು ಕಲಬೆರಕೆಯಾಗಲಿಲ್ಲವೇ ಎಂದು ಕೇಳುವವರಿಗೆ ಮೊದಲ ಸೂಕ್ತವನ್ನೇ ತೋರಿಸಿ. ‘ಅಗ್ನಿಮೀಳೇ’ ಎಂಬಲ್ಲಿ ಎರಡು ಸ್ವರಗಳ ನಡುವಿನ ಡಕಾರ ಳಕಾರವಾಗಿದೆ. ಪಾಣಿನಿಯ ಸಂಸ್ಕೃತದಲ್ಲಿ ಅದು ‘ಈಡೇ’. ಐದನೇ ಋಕ್ಕಿನಲ್ಲಿ ‘ದೇವೋ ದೇವೇಭಿರಾ ಗಮತ್’ ಎಂದಿದೆ. ‘ದೇವೇಭಿಃ’ ಮುಂದೆ ‘ದೇವೈಃ’ ಒಂದೇ ಆಗಿ ಉಳಿಯಿತು, ‘ಗಮತ್’ ಎಂಬುದು ಮುಂದೆ ಸತ್ತೇಹೋದ ಲೇಟ್ ಲಕಾರ ಎಂಬ ಕ್ರಿಯಾರೂಪ. ಪಾಣಿನಿ ಇವನ್ನು ‘ಛಂದಸಿ’, ಅಂದರೆ ವೇದದಲ್ಲಿ ಮಾತ್ರ, ಎಂದು ಬೇರೆ ತೆಗೆದಿಡುತ್ತಾನೆ. ಅವನ ಕಾಲಕ್ಕೇ ಅವು ಮಾತಿನಲ್ಲಿ ಇರಲಿಲ್ಲ. ಬಳಕೆ ತಪ್ಪಿದ ರೂಪಗಳನ್ನು ಒಂದಕ್ಷರ ತಿದ್ದದೆ ಉಳಿಸಿಕೊಂಡದ್ದು ಪದಪಾಠ, ಕ್ರಮ, ಜಟೆ, ಘನ ಎಂಬ ಬಾಯಿಪಾಠದ ಕಟ್ಟುಗಳು. ಪದಗಳನ್ನು ಹಿಂದುಮುಂದಾಗಿ ಹೆಣೆದು ಹೇಳುವುದರಿಂದ ಒಂದು ಕಡೆ ತಪ್ಪಿದರೆ ಇನ್ನೊಂದು ಕಡೆ ಸಿಕ್ಕಿಬೀಳುತ್ತದೆ.

ತೆಂಕಣಗಾಳಿ

ತಮಿಳಿನ ಕಡೆಯ ಸಾಹಿತ್ಯದ ಲೆಕ್ಕ ನಾನು ಕೊಡುತ್ತೇನೆ.

ಕ್ರಿ.ಪೂ. 5000ದ ಬೇರು ಮೂರು ಸಂಗಂಗಳ, ಅಂದರೆ ಕವಿಕೂಟಗಳ, ಐತಿಹ್ಯ. ಇರೈಯನಾರ್ ಅಗಪ್ಪೊರುಳ್ ಎಂಬ ಗ್ರಂಥದ ವ್ಯಾಖ್ಯಾನದಲ್ಲಿ ಮೊದಲ ಸಂಗಂ 4440 ವರ್ಷ, ಎರಡನೆಯದು 3700, ಮೂರನೆಯದು 1850 ವರ್ಷ ನಡೆಯಿತು ಎಂದಿದೆ. ಒಟ್ಟು 9990. ಈ ವ್ಯಾಖ್ಯಾನ ಸುಮಾರು ಕ್ರಿ.ಶ. 8ನೇ ಶತಮಾನದ್ದು. ಅಂಕಿಗಳನ್ನು ಒಮ್ಮೆ ಭಾಗಿಸಿ ನೋಡಿ: 37ರ 120 ಪಟ್ಟು, 37ರ 100 ಪಟ್ಟು, 37ರ 50 ಪಟ್ಟು. ನಡೆದ ವರ್ಷಗಳನ್ನು ಎಣಿಸಿ ಬರೆದರೆ ಇಷ್ಟು ಅಚ್ಚುಕಟ್ಟಾಗಿ ಬರುವುದಿಲ್ಲ. ಇದು ಗೌರವಕ್ಕೆ ಕಟ್ಟಿದ ಸಂಖ್ಯೆ. ಕಾಲಗಣನೆಯ ಪುಟಕ್ಕೆ ತರಬೇಡಿ, ಐತಿಹ್ಯ ಎಂದು ಬೇರೆ ಚೌಕದಲ್ಲಿ ಹಾಕಿ.

ಕೈಗೆ ಸಿಗುವ ಸಂಗಂ ಸಾಹಿತ್ಯ ಎಂಟು ಸಂಕಲನ, ಹತ್ತು ನೀಳ್ಗವಿತೆ. ಹೆಚ್ಚಿನ ವಿದ್ವಾಂಸರು ಅದರ ತಿರುಳನ್ನು ಕ್ರಿ.ಪೂ. 300ರಿಂದ ಕ್ರಿ.ಶ. 300ರ ಒಳಗೆ ಇಡುತ್ತಾರೆ. ಇದೂ ಊಹೆಯಲ್ಲ, ಕೊಂಡಿಗಳಿವೆ. ಯವನರ ಹಡಗು ಚಿನ್ನ ತಂದು ಮೆಣಸು ಒಯ್ಯುವ ಮುಚಿರಿ ಬಂದರಿನ ಚಿತ್ರ ಅಗನಾನೂರಿನ 149ನೇ ಪದ್ಯದಲ್ಲಿದೆ. ಕ್ರಿ.ಶ. 1ನೇ ಶತಮಾನದ ಗ್ರೀಕ್ ನಾವಿಕ ಕೈಪಿಡಿ ಪೆರಿಪ್ಲಸ್‌ನಲ್ಲಿ ಅದೇ ಬಂದರು, ಅದೇ ಮೆಣಸು. ಕರೂರು ಬಳಿಯ ಪುಗಳೂರು ಶಾಸನದಲ್ಲಿ ಚೇರರ ಇರುಂಪೊರೈ ಮನೆತನದ ಮೂರು ತಲೆಮಾರು ಬರುತ್ತದೆ, ಪದಿಟ್ರುಪ್ಪತ್ತು ಸಂಕಲನದ ಅರಸರ ಜೊತೆ ಅದನ್ನು ಹೊಂದಿಸುತ್ತಾರೆ. ಲಿಪಿಯಿಂದ ಆ ಶಾಸನ ಕ್ರಿ.ಶ. 2ನೇ ಶತಮಾನದ್ದು. ಹಾಡು, ಕಲ್ಲು, ವಿದೇಶಿ ಬರಹ ಮೂರೂ ಒಂದೇ ಕಡೆ ಬೊಟ್ಟು ಮಾಡುವುದು ಭಾರತದ ಹಳೆಯ ಸಾಹಿತ್ಯಗಳಲ್ಲಿ ಬಹಳ ಅಪರೂಪ. ತಮಿಳರು ಹೆಮ್ಮೆಪಡಬೇಕಾದ್ದು ಇದಕ್ಕೆ. ಹತ್ತು ಸಾವಿರ ವರ್ಷದ ಲೆಕ್ಕ ಬೇಕಾಗಿಯೇ ಇಲ್ಲ.

ತೊಲ್ಕಾಪ್ಪಿಯಂ ಎಂಬ ತಮಿಳಿನ ಹಳೆಯ ವ್ಯಾಕರಣದ ಬಗ್ಗೆ ಎಚ್ಚರಿಕೆ. ಅದಕ್ಕೆ ಕೊಡುವ ಕಾಲ ಕ್ರಿಸ್ತಪೂರ್ವದ ಕೆಲವು ಶತಮಾನಗಳಿಂದ ಕ್ರಿ.ಶ. 5ನೇ ಶತಮಾನದವರೆಗೂ ಹರಡಿಕೊಂಡಿದೆ, ಪದರಪದರವಾಗಿ ಬೆಳೆದ ಗ್ರಂಥ ಎನ್ನುವವರೂ ಇದ್ದಾರೆ. ಒಂದೇ ಇಸವಿ ಬರೆದರೆ ತಪ್ಪು. ಆದರೆ ಒಳಗಿರುವ ಒಂದು ಸಂಗತಿ ನಿಮ್ಮ ಪುಟಕ್ಕೆ ಬೇಕು. ಪದಗಳನ್ನು ಅದು ನಾಲ್ಕು ಬಗೆ ಮಾಡುತ್ತದೆ: ಇಯರ್‌ಚೊಲ್, ತಿರಿಚೊಲ್, ತಿಸೈಚ್ಚೊಲ್, ವಡಚೊಲ್. ಕೊನೆಯದು ‘ಬಡಗಣ ಪದ’. ಅಂಥ ಪದವನ್ನು ತಮಿಳಿಗೆ ತರುವಾಗ ಬಡಗಣದ ಅಕ್ಷರಗಳನ್ನು ಬಿಟ್ಟು ತಮಿಳು ಅಕ್ಷರಕ್ಕೆ ಹೊಂದಿಸಿಕೊಳ್ಳಬೇಕು ಎಂಬುದು ನಿಯಮ. ಎರಡು ಭಾಷೆಗಳೂ ಅಕ್ಕಪಕ್ಕ ಇದ್ದವು, ತಮಿಳು ವೈಯಾಕರಣನಿಗೆ ತನ್ನ ಭಾಷೆಯ ಗಡಿ ಸ್ಪಷ್ಟವಾಗಿ ಗೊತ್ತಿತ್ತು. ಆ ಕಡೆ, ಪಾಣಿನಿಯ ಸೂತ್ರಗಳಿಗೆ ವಾರ್ತಿಕ ಬರೆದ ಕಾತ್ಯಾಯನ ‘ಪಾಂಡ್ಯ’ ಶಬ್ದವನ್ನು ಸಾಧಿಸುವ ಬಗೆ ಹೇಳುತ್ತಾನೆ. ಪರಿಚಯ ಎರಡೂ ಕಡೆಯಿಂದ ಇತ್ತು.

ಒಂದು ಮಾತು ಸೇರಿಸಲೇಬೇಕು. ಕೀಳಡಿಯ ನಂತರ ತಮಿಳು ಬರವಣಿಗೆಯನ್ನು ಕ್ರಿ.ಪೂ. 6ನೇ ಶತಮಾನಕ್ಕೆ ಒಯ್ಯಬೇಕು ಎಂಬುದು ನನ್ನ ಅಭಿಪ್ರಾಯ. ಶಾಸನಪ್ರಿಯ ಅವರು ಕೊಟ್ಟ ಕ್ರಿ.ಪೂ. 2ನೇ ಶತಮಾನ ಹಳೆಯದಾಯಿತು.

ಅಗೆತದಪದರ

ತೆಂಕಣಗಾಳಿ ಅವರೇ, ಉಳಿದದ್ದೆಲ್ಲ ಒಪ್ಪುತ್ತೇನೆ, ಕೊನೆಯ ಮಾತಿಗೆ ಮಾತ್ರ ತಡೆ ಹಾಕಬೇಕಾಗಿದೆ.

ಕೀಳಡಿಯಲ್ಲಿ ಅಳೆದದ್ದು ಅಕ್ಷರವನ್ನಲ್ಲ. ತಮಿಳುನಾಡು ಪುರಾತತ್ವ ಇಲಾಖೆಯ 2019ರ ವರದಿಯಲ್ಲಿ 353 ಸೆಂಟಿಮೀಟರ್ ಆಳದ ಒಂದು ಮಾದರಿಗೆ ಕ್ರಿ.ಪೂ. 580 ಎಂದು ಬಂದಿದೆ. ಮಡಕೆ ಚೂರಿನ ಮೇಲೆ ‘ಆದನ್’, ‘ಕುವಿರನ್’ ಎಂಬ ಹೆಸರುಗಳು ಗೀಚಿವೆ. ಬೆಂದ ಮಣ್ಣಿನ ಮೇಲಿನ ಗೀಚಿಗೆ ಇಂಗಾಲದ ಲೆಕ್ಕ ನಡೆಯುವುದಿಲ್ಲ, ಅದೇ ಪದರದ ಇದ್ದಿಲಿನ ವಯಸ್ಸನ್ನು ಚೂರಿಗೆ ದಾಟಿಸಬೇಕು. ಹಾಗೆ ದಾಟಿಸುವ ಮುಂಚೆ ಚೂರು ಮತ್ತು ಇದ್ದಿಲು ಒಂದೇ ಪದರದಲ್ಲಿ, ಹತ್ತಿರದಲ್ಲಿ ಸಿಕ್ಕಿವೆಯೇ ನೋಡಬೇಕು. ಮೇಲಿನ ಪದರದಿಂದ ತೋಡಿದ ಗುಂಡಿ ಅಲ್ಲಿಗೆ ಇಳಿದಿದೆಯೇ ನೋಡಬೇಕು. ಕೀಳಡಿ ಉಂಗುರ ಬಾವಿಗಳ ಊರು. ಬಾವಿ ತೋಡಿದರೆ ಮೇಲಿನ ಮಣ್ಣು ಕೆಳಕ್ಕೆ, ಕೆಳಗಿನದು ಮೇಲಕ್ಕೆ ಹೋಗುತ್ತದೆ. ಗೀಚು ನಿಜಕ್ಕೂ ಬ್ರಾಹ್ಮಿಯೇ ಅಥವಾ ಕುಂಬಾರನ ಗುರುತೇ ಎಂಬುದೂ ತೀರ್ಮಾನವಾಗಬೇಕು.

ಇದಲ್ಲದೆ ಪತ್ರಿಕೆಗಳಲ್ಲಿ ಯಾರೂ ಬರೆಯದ ಒಂದು ತೊಡಕಿದೆ. ಗಾಳಿಯಲ್ಲಿನ ಇಂಗಾಲ-14ರ ಪ್ರಮಾಣ ಎಲ್ಲ ಕಾಲದಲ್ಲೂ ಒಂದೇ ಇರಲಿಲ್ಲ. ಅದಕ್ಕಾಗಿ ಪ್ರಯೋಗಾಲಯದ ಅಂಕಿಯನ್ನು ಮರದ ಬಳೆಗಳಿಂದ ಕಟ್ಟಿದ ಕ್ಯಾಲಿಬ್ರೇಷನ್ ರೇಖೆಯ ಮೇಲಿಟ್ಟು ಇಸವಿಗೆ ತಿರುಗಿಸುತ್ತಾರೆ. ಈ ರೇಖೆ ಕ್ರಿ.ಪೂ. 800ರಿಂದ 400ರ ನಡುವೆ ಬಹುಮಟ್ಟಿಗೆ ಚಪ್ಪಟೆಯಾಗಿ ಮಲಗಿದೆ. ಇದಕ್ಕೆ ಹಾಲ್‌ಸ್ಟಾಟ್ ಪ್ರಸ್ಥಭೂಮಿ ಎನ್ನುತ್ತಾರೆ. ಪರಿಣಾಮ ಏನೆಂದರೆ, ಕ್ರಿ.ಪೂ. 720ರಲ್ಲಿ ಕಡಿದ ಮರವೂ 450ರಲ್ಲಿ ಕಡಿದ ಮರವೂ ಸುಮಾರು 2450 ವರ್ಷ ಎಂಬ ಒಂದೇ ಅಂಕಿ ಕೊಡಬಲ್ಲವು. ಕೀಳಡಿಯ 580, ತಮಿಳುನಾಡಿನ ಇನ್ನೊಂದು ಅಗೆತದ ನೆಲೆ ಪೊರುಂದಲ್‌ನ 490 ಎರಡೂ ಬೀಳುವುದು ಸರಿಯಾಗಿ ಇಲ್ಲೇ. ಒಂಟಿ ಇಸವಿ ಕಂಡ ತಕ್ಷಣ ಅದರ ವ್ಯಾಪ್ತಿ ಎಷ್ಟು ಎಂದು ಕೇಳಿ.

ದಾರಿ ಇಲ್ಲವೆಂದಲ್ಲ. ಒಂದೇ ಗುಂಡಿಯ ಗೋಡೆಯಲ್ಲಿ ಕೆಳಗಿನಿಂದ ಮೇಲಕ್ಕೆ ಹಲವು ಮಾದರಿ ತೆಗೆದು, ಕೆಳಗಿನದು ಮೇಲಿನದಕ್ಕಿಂತ ಹಳೆಯದಿರಲೇಬೇಕು ಎಂಬ ನಿಯಮದೊಂದಿಗೆ ಒಟ್ಟಿಗೆ ಲೆಕ್ಕ ಹಾಕಿದರೆ ವ್ಯಾಪ್ತಿ ಕಿರಿದಾಗುತ್ತದೆ. ಮಾದರಿಗೆ ತೊಲೆಯ ಇದ್ದಿಲಿಗಿಂತ ಕಾಳು ಒಳ್ಳೆಯದು. ತೊಲೆಯ ನಡುಭಾಗ ಕಡಿಯುವ ಹೊತ್ತಿಗೇ ನೂರು ವರ್ಷ ಹಳೆಯದಿರಬಹುದು, ಕಾಳು ಒಂದೇ ಫಸಲಿನದು. ಪೊರುಂದಲ್‌ನ ಸಮಾಧಿಯಲ್ಲಿ ಅಳೆದದ್ದು ಭತ್ತ, ಆ ಮಟ್ಟಿಗೆ ಅದು ಗಟ್ಟಿ. ಅಶೋಕನಿಗಿಂತ ಮುಂಚೆ ತಮಿಳುನಾಡಿನಲ್ಲಿ ಬರವಣಿಗೆ ಇದ್ದಿರಬಹುದು ಎಂಬ ವಾದಕ್ಕೆ ಇವು ಬಲ ಕೊಡುತ್ತವೆ. ‘ಸಿದ್ಧವಾಯಿತು’ ಎನ್ನಲು ಇನ್ನೂ ಕೆಲಸ ಬಾಕಿ. ಭಿತ್ತಿಪತ್ರಿಕೆಯವರು ‘ಕ್ರಿ.ಪೂ. 2ನೇ ಶತಮಾನ ಖಚಿತ, ಕ್ರಿ.ಪೂ. 6–5ನೇ ಶತಮಾನ ವಾದದಲ್ಲಿದೆ’ ಎಂದು ಬರೆಯುವುದು ನ್ಯಾಯ.

ಶಿವಗಳೈಯಲ್ಲಿ ಕ್ರಿ.ಪೂ. 4ನೇ ಸಹಸ್ರಮಾನದ ಕಬ್ಬಿಣ ಎಂಬ 2025ರ ವರದಿಯನ್ನೂ ಕೆಲವರು ಭಾಷೆಯ ವಯಸ್ಸಿಗೆ ಸೇರಿಸುತ್ತಿದ್ದಾರೆ. ಅದು ಕಬ್ಬಿಣದ ಚರ್ಚೆ. ಕಮ್ಮಾರ ಯಾವ ಭಾಷೆ ಆಡಿದ ಎಂದು ಕಬ್ಬಿಣ ಹೇಳುವುದಿಲ್ಲ. ಸಿಂಧೂ ಮುದ್ರೆಗಳೂ ಹಾಗೆಯೇ. ಸುಮಾರು 400 ಗುರುತುಗಳು, ಬರಹದ ಸರಾಸರಿ ಉದ್ದ ಐದೇ ಗುರುತು, ಎರಡು ಭಾಷೆಯಲ್ಲಿ ಬರೆದ ಒಂದು ಮುದ್ರೆಯೂ ಸಿಕ್ಕಿಲ್ಲ. ಓದಿ ತೋರಿಸಿದವರಿಗೆ 10 ಲಕ್ಷ ಡಾಲರ್ ಬಹುಮಾನವನ್ನು ತಮಿಳುನಾಡು ಸರ್ಕಾರ 2025ರ ಜನವರಿಯಲ್ಲಿ ಘೋಷಿಸಿದೆ. ದ್ರಾವಿಡವೆಂದು ಊಹಿಸುವ ಫಿನ್ಲೆಂಡಿನ ವಿದ್ವಾಂಸ ಪರ್ಪೋಲ ಅಂಥವರ ವಾದಕ್ಕೆ ತೂಕವಿದೆ, ಆದರೆ ಓದಾಗುವವರೆಗೆ ಅದನ್ನು ಯಾವ ಭಾಷೆಯ ಖಾತೆಗೂ ಬರೆಯುವಂತಿಲ್ಲ.

ಭಿತ್ತಿಪತ್ರಿಕೆ

ಎಲ್ಲರಿಗೂ ತುಂಬಾ ಧನ್ಯವಾದ. ಪಟ್ಟಿಯನ್ನು ಹೀಗೆ ತಿದ್ದಿದ್ದೇನೆ:

ಉಳಿದಿರುವ ಬರಹ: ತಮಿಳು ಕ್ರಿ.ಪೂ. 2ನೇ ಶತಮಾನ, ಸಂಸ್ಕೃತ ಕ್ರಿ.ಪೂ. 1ನೇ ಶತಮಾನ.
ಸಾಹಿತ್ಯದ ರಚನೆ: ಸಂಸ್ಕೃತ ಕ್ರಿ.ಪೂ. 1500–1000, ತಮಿಳು ಕ್ರಿ.ಪೂ. 300–ಕ್ರಿ.ಶ. 300.
ಮೂಲ: ದ್ರಾವಿಡ 4500 ವರ್ಷ, ಆದ್ದರಿಂದ ತಮಿಳು 4500 ವರ್ಷ.

ಇನ್ನೆರಡು ಅನುಮಾನ. ಋಗ್ವೇದದಲ್ಲೇ ತಮಿಳು ಪದಗಳಿವೆ ಎನ್ನುತ್ತಾರಲ್ಲ, ಹಾಗಿದ್ದರೆ ತಮಿಳು ಹಳೆಯದಾಗಲಿಲ್ಲವೇ? ಮತ್ತೆ ‘ಕನ್ನಡ ತಮಿಳಿನಿಂದ ಹುಟ್ಟಿತು’ ಎಂಬ ಮಾತಿಗೆ ಒಂದೇ ಸಾಲಿನಲ್ಲಿ ಏನು ಉತ್ತರ ಕೊಡಬಹುದು?

ಧ್ವನಿವಿಚಾರ

ಮೂರನೇ ಸಾಲಿನ ‘ಆದ್ದರಿಂದ’ ಎಂಬುದನ್ನು ದಯವಿಟ್ಟು ಅಳಿಸಿ. 4500 ವರ್ಷ ಎಂಬುದು 2018ರಲ್ಲಿ 20 ದ್ರಾವಿಡ ಭಾಷೆಗಳ ಮೂಲಪದಗಳನ್ನು ಹೋಲಿಸಿ ಸಂಖ್ಯಾಶಾಸ್ತ್ರದಿಂದ ತೆಗೆದ ಅಂದಾಜು, ಅದು ಇಡೀ ಕುಟುಂಬದ್ದು. ಮೂಲ ದ್ರಾವಿಡ ತಮಿಳಿಗೆ ಎಷ್ಟು ಅಜ್ಜಿಯೋ ಕನ್ನಡ, ತುಳು, ಗೊಂಡಿಗೂ ಬಲೂಚಿಸ್ತಾನದ ಬ್ರಾಹುಯಿಗೂ ಅಷ್ಟೇ ಅಜ್ಜಿ. ಅಜ್ಜಿಯ ವಯಸ್ಸನ್ನು ಒಬ್ಬಳೇ ಮೊಮ್ಮಗಳ ಹೆಸರಿಗೆ ಬರೆದರೆ, ಆ ಕಡೆಯವರು ಮೂಲ ಇಂಡೋ-ಯುರೋಪಿಯನ್ ವಯಸ್ಸನ್ನು ಸಂಸ್ಕೃತಕ್ಕೆ ಬರೆಯುತ್ತಾರೆ. ತಮಿಳು ಎಂಬ ಪ್ರತ್ಯೇಕ ಭಾಷೆ ಇದೆ ಎನ್ನಬೇಕಾದರೆ ಕನ್ನಡದಿಂದ ಅದು ಕವಲೊಡೆದಿರಬೇಕು.

ಋಗ್ವೇದದ ದ್ರಾವಿಡ ಪದಗಳ ಬಗ್ಗೆ. ವಿದ್ವಾಂಸರು ಎತ್ತಿ ತೋರಿಸುವ ಕೆಲವು ನಮ್ಮ ಅಡುಗೆಮನೆ, ಹೊಲದಲ್ಲೇ ಇವೆ. ‘ಉಲೂಖಲ’ ಎಂದರೆ ಒರಳು. ತಮಿಳಿನ ಉಲಕ್ಕೈ, ನಮ್ಮ ಒನಕೆಯ ಜೊತೆ ಅದನ್ನು ಸೇರಿಸುತ್ತಾರೆ. ‘ಖಲ’ ಎಂದರೆ ಒಕ್ಕಣೆಯ ಕಣ, ತಮಿಳಿನಲ್ಲಿ ಕಳಂ, ಕನ್ನಡದಲ್ಲಿ ಕಳ, ಕಣ. ‘ಮಯೂರ’ಕ್ಕೆ ತಮಿಳಿನ ಮಯಿಲ್. ಪ್ರತಿಯೊಂದರ ಮೇಲೂ ವಾದವಿದೆ, ಕೆಲವನ್ನು ಮುಂಡಾ ಭಾಷೆಗಳಿಂದ ಬಂದವು ಎನ್ನುವವರಿದ್ದಾರೆ. ಎಲ್ಲವನ್ನೂ ಒಪ್ಪಿದರೂ ಸಿಗುವ ತೀರ್ಮಾನ ಒಂದೇ: ಋಗ್ವೇದ ಕಟ್ಟಿದವರ ನೆರೆಹೊರೆಯಲ್ಲಿ ಯಾವುದೋ ದ್ರಾವಿಡ ಭಾಷೆ ಇತ್ತು. ಪಂಜಾಬಿನ ಆ ಭಾಷೆಯನ್ನು ತಮಿಳು ಎನ್ನಲು ಆಧಾರವಿಲ್ಲ. ಒನಕೆಯ ಸಾಕ್ಷಿ ತಮಿಳಿಗೆ ಸಲ್ಲುವಷ್ಟೇ ಕನ್ನಡಕ್ಕೂ ಸಲ್ಲುತ್ತದೆ.

ಟ, ಡ, ಣಗಳ ಬಗ್ಗೆಯೂ ಹೀಗೇ. ಇವು ದ್ರಾವಿಡದ ಪ್ರಭಾವ ಎಂಬುದು ಪ್ರಬಲ ವಾದ. ಆದರೆ ಕೆಲವು ಸಂಸ್ಕೃತದ ಒಳಗೇ ಹುಟ್ಟಿವೆ. ‘ನೀಡ’, ಅಂದರೆ ಗೂಡು, ಹಿಂದೆ ‘ನಿಜ್ದ’ ಎಂಬಂತಿತ್ತು, ನಡುವಿನ ಊಷ್ಮ ಬಿದ್ದುಹೋಗಿ ದಕಾರ ಡಕಾರವಾಯಿತು, ಹಿಂದಿನ ಸ್ವರ ಉದ್ದವಾಯಿತು. ಇಂಗ್ಲಿಷಿನ ‘ನೆಸ್ಟ್’ ಇದೇ ಮೂಲದ್ದು.

ಇನ್ನು ಕನ್ನಡ. ಒಂದೇ ಸಾಲು ಬೇಕೆಂದಿರಿ, ಒಂದೇ ಪದ ಕೊಡುತ್ತೇನೆ: ಕಿವಿ.

ತಮಿಳಿನಲ್ಲಿ ಅದು ಚೆವಿ. ಪಕ್ಕದಲ್ಲಿ ಇನ್ನಷ್ಟು ಇಡಿ. ಕಿಱು–ಚಿಱು, ಕೇರಿ–ಚೇರಿ, ಗೆಯ್–ಚೆಯ್, ಕೆಂಪಿನ ಕೆಂ–ಚೆಂ. ಇ, ಎಗಳ ಹಿಂದೆ ಮೂಲದಲ್ಲಿದ್ದ ಕಕಾರವನ್ನು ತಮಿಳು ಚಕಾರ ಮಾಡಿಕೊಂಡಿತು, ಕನ್ನಡ ಹಾಗೇ ಉಳಿಸಿಕೊಂಡಿತು. ಇದಕ್ಕೊಂದು ಷರತ್ತೂ ಇದೆ. ಆ ಸ್ವರದ ಮುಂದೆ ಟ, ಣ, ಳ, ೞದಂಥ ಮೂರ್ಧನ್ಯವಿದ್ದರೆ ತಮಿಳಿನಲ್ಲೂ ಕಕಾರವೇ ನಿಲ್ಲುತ್ತದೆ. ಅದಕ್ಕೇ ‘ಕೇಳ್’ ಎರಡೂ ಭಾಷೆಯಲ್ಲಿ ಕೇಳ್, ನಮ್ಮ ಗಿಳಿ ಅಲ್ಲಿ ಕಿಳಿ. ಷರತ್ತು ಇಷ್ಟು ಕ್ರಮಬದ್ಧವಾಗಿ ಕೆಲಸ ಮಾಡುತ್ತಿದೆ ಎಂದರೆ ಬದಲಾವಣೆ ಆದದ್ದು ತಮಿಳಿನ ಕಡೆ. ಕನ್ನಡ ತಮಿಳಿನಿಂದ ಬಂದಿದ್ದರೆ ಚೆವಿಯನ್ನು ಕಿವಿ ಮಾಡಬೇಕಿತ್ತು, ಚೇರಿಯನ್ನು ಕೇರಿ ಮಾಡಬೇಕಿತ್ತು, ಅದೇ ಹೊತ್ತಿಗೆ ಮೊದಲಿನಿಂದಲೂ ಚಕಾರವೇ ಇದ್ದ ಪದಗಳನ್ನು ಮುಟ್ಟದೆ ಬಿಡಬೇಕಿತ್ತು. ಯಾವುದು ಯಾವುದೆಂದು ಮಾತಾಡುವ ಜನಕ್ಕೆ ಗೊತ್ತಾಗುವುದು ಹೇಗೆ?

ತಮಿಳಿನವರು ತಿರುಗಿ ಕೇಳಬಹುದಾದ ಪ್ರಶ್ನೆಯೂ ನ್ಯಾಯವಾದದ್ದೇ. ಪಾಲ್, ಪುಲಿಗಳಲ್ಲಿ ತಮಿಳು ಹಳೆಯ ಪಕಾರವನ್ನು ಉಳಿಸಿದೆ, ನಾವು ಹಾಲು, ಹುಲಿ ಮಾಡಿಕೊಂಡೆವು. ೞಕಾರವನ್ನು ಅವರು ಉಳಿಸಿಕೊಂಡರು, ನಾವು ಕಳೆದುಕೊಂಡೆವು. ಹಳಗನ್ನಡದಲ್ಲಿ ಎರಡೂ ಇದ್ದವು. ಒಂದೊಂದು ಕವಲು ಒಂದೊಂದನ್ನು ಉಳಿಸಿಕೊಂಡಿದೆ, ಅಕ್ಕತಂಗಿಯರ ಮನೆಯಲ್ಲಿ ತಾಯಿಯ ಒಡವೆ ಹಂಚಿಹೋದ ಹಾಗೆ. ಎರಡೂ ಕಡೆಯ ಪಟ್ಟಿಯನ್ನು ಭಿತ್ತಿಪತ್ರಿಕೆಯಲ್ಲಿ ಅಕ್ಕಪಕ್ಕ ಹಾಕಿ. ನಮಗೆ ಅನುಕೂಲವಾದದ್ದನ್ನು ಮಾತ್ರ ಹಾಕಿದರೆ ನಾವೂ ವಾಟ್ಸ್ಆಪ್ ಪಟ್ಟಿ ಮಾಡಿದ ಹಾಗಾಯಿತು.

ಶಾಸನಪ್ರಿಯ

ಸಣ್ಣ ತಿದ್ದುಪಡಿಗಳು. ಎರಡನೇ ಸಾಲಿನಲ್ಲಿ ‘ಸಂಸ್ಕೃತ’ ಎಂಬಲ್ಲಿ ‘ವೈದಿಕ ಸಂಸ್ಕೃತ’ ಎಂದು ಹಾಕಿ. ಪಾಣಿನಿಯ ನಂತರದ ಭಾಷೆಗೆ ಮಾತ್ರ ಸಂಸ್ಕೃತ ಎನ್ನಬೇಕು ಎಂದು ಹಟ ಹಿಡಿಯುವವರಿಗೆ, ಪಂಪನ 941ರ ಕನ್ನಡವನ್ನೂ ನಾವು ಕನ್ನಡ ಎಂದೇ ಕರೆಯುತ್ತೇವೆ ಎಂದು ನೆನಪಿಸಿ.

ಶಾಸ್ತ್ರೀಯ ಸ್ಥಾನದ ಇಸವಿಗಳನ್ನು ಪುಟಕ್ಕೆ ಸೇರಿಸುವುದಾದರೆ ತಮಿಳು 2004, ಸಂಸ್ಕೃತ 2005, ಕನ್ನಡ ಮತ್ತು ತೆಲುಗು 2008. ಇದು ಕೇಂದ್ರ ಸರ್ಕಾರ ಆದೇಶ ಹೊರಡಿಸಿದ ಕ್ರಮ. ಇದನ್ನು ವಯಸ್ಸಿನ ಕ್ರಮ ಎಂದು ಓದುವವರು ಬಹಳ, ಪಕ್ಕದಲ್ಲೇ ಆ ಮಾತು ಬರೆದುಬಿಡಿ.

ಹಲ್ಮಿಡಿಗೆ ‘ಸುಮಾರು ಕ್ರಿ.ಶ. 450’ ಎಂದೇ ಇರಲಿ, ‘ಸುಮಾರು’ ಬಿಡಬೇಡಿ. ಆ ಶಾಸನದಲ್ಲಿ ಇಸವಿ ಬರೆದಿಲ್ಲ. ಲಿಪಿ ಮತ್ತು ಅದರಲ್ಲಿ ಬರುವ ಅರಸರ ಹೆಸರಿನಿಂದ ಕಟ್ಟಿದ ಕಾಲ ಅದು.